ವಾದಿ ಎಲ್ ನತ್ರೂನ್: ಉಪ್ಪಿನೊಡನೆ ನಾಡು ದಾಟಿದ ಹೆಸರು

ಕೈರೋದಿಂದ ಅಲೆಕ್ಸಾಂಡ್ರಿಯದ ಕಡೆಗೆ ಮರುಭೂಮಿಯ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಸಾಗಿದ ಮೇಲೆ ಎಡಕ್ಕೆ ನೆಲ ತಗ್ಗುತ್ತದೆ. ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಆ ಕಣಿವೆಯೇ ವಾದಿ ಎಲ್ ನತ್ರೂನ್. ಪಿರಮಿಡ್ಡುಗಳಿಗೆಂದು ಬರುವ ಪ್ರವಾಸಿಗರು ಇತ್ತ ಸುಳಿಯುವುದು ಅಪರೂಪ. ನನ್ನನ್ನು ಎಳೆತಂದದ್ದು ಅದರ ಹೆಸರು.

ಬಿಸಿಲಿಗೆ ಇಲ್ಲಿನ ಕೆರೆಗಳ ನೀರು ಆರಿದಂತೆ ದಡದುದ್ದಕ್ಕೂ ಬಿಳಿಯ ಕ್ಷಾರ ಹೆಪ್ಪುಗಟ್ಟುತ್ತದೆ. ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಬೆರೆತ ಈ ವಸ್ತುವಿನಿಂದಲೇ ಪ್ರಾಚೀನ ಈಜಿಪ್ಟಿನವರು ಶವಗಳ ತೇವವನ್ನು ಹೀರಿಸಿ ಮಮ್ಮಿಗಳನ್ನು ಸಿದ್ಧಪಡಿಸುತ್ತಿದ್ದರು. ಅವರು ಸ್ವರಗಳನ್ನು ಬರೆಯುತ್ತಿರಲಿಲ್ಲವಾದ್ದರಿಂದ ಇದರ ಹೆಸರಿನಲ್ಲಿ ನಮಗೆ ದಕ್ಕಿರುವುದು ಹೆಚ್ಚಾಗಿ ‘ನ್‌ಚ್‌ರ್‌’ ಎಂಬಂಥ ವ್ಯಂಜನಗಳ ಹಂದರ. ಗ್ರೀಕರ ಬಾಯಲ್ಲಿ ಅದು ನಿತ್ರೋನ್ ಆಯಿತು, ಅರಬರಲ್ಲಿ ನತ್ರೂನ್ ಆಯಿತು, ಯುರೋಪಿನ ರಸಾಯನಶಾಸ್ತ್ರದಲ್ಲಿ ನೇಟ್ರಿಯಂ ಆಯಿತು. 1807ರಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿದ ಲೋಹವನ್ನು ನಮ್ಮ ಮಕ್ಕಳು ಸೋಡಿಯಂ ಎಂದು ಓದಿ, ಸಂಕೇತವನ್ನು ಮಾತ್ರ ‘ಎನ್‌ಎ’ ಎಂದು ಬರೆಯುವುದಕ್ಕೆ ಈ ನೇಟ್ರಿಯಮ್ಮೇ ಕಾರಣ. ಇನ್ನೂ ವಿಚಿತ್ರವೆಂದರೆ, ಗ್ರೀಕರ ರೂಪವು ಕಾಲಾಂತರದಲ್ಲಿ ಪೆಟ್ಲುಪ್ಪಿಗೆ ಅಂಟಿಕೊಂಡು, ಅಲ್ಲಿಂದ ನೈಟ್ರೋಜನ್ ಹುಟ್ಟಿತು. ಕೆರೆಯ ಈ ಕ್ಷಾರದ ರಾಸಾಯನಿಕ ಸೂತ್ರದಲ್ಲಿ ನೈಟ್ರೋಜನ್ನಿಗೆ ಸ್ಥಾನವೇ ಇಲ್ಲ!

ನಾಲ್ಕನೆಯ ಶತಮಾನದಿಂದ ಕ್ರೈಸ್ತ ಸನ್ಯಾಸಿಗಳು ನೆಲೆಸಿದ ಈ ಕಣಿವೆಯಲ್ಲಿ ಇಂದಿಗೂ ನಾಲ್ಕು ಪುರಾತನ ಮಠಗಳು ನಡೆಯುತ್ತಿವೆ. ಸಂತ ಬಿಷೋಯ್ ಮಠದಲ್ಲಿ ಕೇಳಿದ ಪ್ರಾರ್ಥನೆ ಅರಬ್ಬಿಯಲ್ಲಿ ಸಾಗುತ್ತಿದ್ದು, ನಡುನಡುವೆ ಕಾಪ್ಟಿಕ್‌ಗೆ ಹೊರಳುತ್ತಿತ್ತು. ಫೇರೋಗಳ ಭಾಷೆಯ ಕೊನೆಯ ರೂಪವೆಂದರೆ ಈ ಕಾಪ್ಟಿಕ್; ಮನೆಮಾತಾಗಿ ಅದು ಉಳಿಯಲಿಲ್ಲ. ‘ಫೇರೋ’ ಎಂಬುದೂ ‘ದೊಡ್ಡ ಮನೆ’ ಎಂಬರ್ಥದ ಈಜಿಪ್ಟಿನ ಮಾತು, ಹೀಬ್ರೂ ಧರ್ಮಗ್ರಂಥದ ಮೂಲಕ ಲೋಕಕ್ಕೆ ಹಬ್ಬಿದ್ದು. ಆದರೆ ಅರಸನ ಬಿರುದು ಗ್ರಂಥದ ಬಲದಿಂದ ಉಳಿದದ್ದಕ್ಕಿಂತ, ಕೂಲಿಯವರ ಬಾಯಲ್ಲಿ ಉಳಿದ ಶಬ್ದಗಳೇ ನನಗೆ ಹೆಚ್ಚು ಬೆರಗು ತರುತ್ತವೆ.

ಅಂಥದೊಂದು ಮಠದ ಹೊರಗೇ ಸಿಕ್ಕಿತು. ದುರಸ್ತಿಗೆಂದು ಪೇರಿಸಿದ್ದ ಇಟ್ಟಿಗೆಗಳನ್ನು ನಮ್ಮ ಕಾರಿನ ಚಾಲಕರು ‘ತೂಬ್’ ಎಂದು ಕರೆದರು. ಪ್ರಾಚೀನ ಈಜಿಪ್ಟಿನ ‘ಜೆಬೆತ್’ ಕಾಪ್ಟಿಕ್‌ನಲ್ಲಿ ‘ತೋಬೆ’ಯಾಗಿ, ಆಳುವವರ ಭಾಷೆ ಬದಲಾದರೂ ನೈಲ್ ತೀರದಲ್ಲಿ ಇಟ್ಟಿಗೆ ಕೊಯ್ಯುವ ಕೆಲಸ ನಿಲ್ಲದ್ದರಿಂದ ಅರಬ್ಬಿಯೊಳಕ್ಕೂ ಬಂದಿತು. ಅರಬರ ‘ಅತ್ತೂಬ’ ಸ್ಪೇನಿನಲ್ಲಿ ‘ಅಡೋಬೆ’ಯಾಯಿತು; ಅದನ್ನು ಅಟ್ಲಾಂಟಿಕ್ ದಾಟಿಸಿದ ಸ್ಪೇನಿನವರಿಂದಾಗಿ ನ್ಯೂ ಮೆಕ್ಸಿಕೋದ ಮಣ್ಣಿನ ಮನೆಗಳಿಗೂ ಇದೇ ಹೆಸರು ನಿಂತಿತು.