ಯಾವ ಆ್ಯಪ್ ಸರ್?

ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆದರೆ ಸಾಕು. ಐದು ನಿಮಿಷದಲ್ಲಿ ಯಾರಾದರೊಬ್ಬರು ಬೇರೆಯಾಗಿ ಮೆಸೇಜ್ ಮಾಡುತ್ತಾರೆ: "ಇಷ್ಟು ಬೇಗ ಕನ್ನಡ ಹೇಗೆ ಟೈಪ್ ಮಾಡ್ತೀರ? ಯಾವ ಆ್ಯಪ್ ಸರ್?" ಕೇಳುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಮೊದಲೆಲ್ಲ ಸ್ಕ್ರೀನ್‌ಶಾಟ್ ತೆಗೆದು, ಕೆಂಪು ಬಾಣ ಹಾಕಿ, ಒಂದು ಎರಡು ಮೂರು ಅಂತ ನಂಬರ್ ಕೊಟ್ಟು ಕಳಿಸುತ್ತಿದ್ದೆ. "ಥ್ಯಾಂಕ್ಸ್ ಸರ್" ಅಂತ ಮತ್ತೆ ಇಂಗ್ಲಿಷ್ ಅಕ್ಷರಗಳಲ್ಲೇ ಬರುತ್ತಿತ್ತು. ಈಗ ಆ ತಾಳ್ಮೆ ಉಳಿದಿಲ್ಲ. ಅದಕ್ಕೇ ಒಂದೇ ಸಲ ಇಲ್ಲಿ ಬರೆದಿಡುತ್ತಿದ್ದೇನೆ.

ಯಾವ ಆ್ಯಪ್ಪೂ ಇಲ್ಲ. ನಿಮ್ಮ ಫೋನಿನಲ್ಲಿ ಕನ್ನಡ ಆಗಲೇ ಇದೆ. ಕೀಬೋರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸಿ. ಮುಗಿಯಿತು. ವಿಂಡೋಸ್‌ನಲ್ಲೂ ಅಷ್ಟೇ, ಸೆಟ್ಟಿಂಗ್ಸ್‌ನ ಭಾಷೆಗಳಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡು ಜೊತೆಗೇ ಬರುತ್ತದೆ. ಲಿನಕ್ಸ್‌ನಲ್ಲಿ 'ಕಗಪ' (ಕನ್ನಡ ಗಣಕ ಪರಿಷತ್ತಿನ ಮೊಟಕು) ಅನ್ನುವ ಹೆಸರಿನಲ್ಲೇ ಕೂತಿದೆ. ದುಡ್ಡು ಕೊಡಬೇಕಿಲ್ಲ, ಪೆನ್‌ಡ್ರೈವ್ ತರಬೇಕಿಲ್ಲ, ನನ್ನನ್ನು ಕೇಳಬೇಕಿಲ್ಲ.

ಬೇಗ ಬರುವುದು ಹೇಗೆ ಅಂದರೆ, ಕೂತು ಕಲಿತೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ನನ್ನದು. ಕರ್ನಾಟಕ ಸರ್ಕಾರ ಒಪ್ಪಿಕೊಂಡಿರುವುದೂ ಅದನ್ನೇ. ಅದರಲ್ಲಿ 'ಕನ್ನಡ' ಬರೆಯಲು ಐದು ಸಲ ಒತ್ತಿದರಾಯಿತು: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಅನ್ನುವುದು ಒತ್ತಕ್ಷರಕ್ಕೆ ಕೊಂಡಿ. ಮಹಾಪ್ರಾಣ ಬೇಕಾದರೆ ಶಿಫ್ಟ್. ಅದೇ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡೆಯುತ್ತಾ ಹೋದರೆ ಏಳು ಅಕ್ಷರ. ಸಾಲದ್ದಕ್ಕೆ ನೀವು ಹೇಳಿದ್ದು ನ-ನೋ ಣ-ನೋ ಅಂತ ಫೋನು ಕಣಿ ಹೇಳಲು ಶುರು ಮಾಡುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನ ಕೂತರೆ ಆಮೇಲೆ ಬೆರಳೇ ನೋಡಿಕೊಳ್ಳುತ್ತದೆ. ಇದನ್ನು ಹೇಳಿದರೆ "ಓ, ಕಲಿಬೇಕಾ?" ಅನ್ನುತ್ತಾರೆ. ಹಲ್ಲು ಕೀಳಿಸಿಕೊಂಡು ಬಾ ಅಂದವನನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ.

ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತಲ್ಲ ಅನ್ನುವವರೂ ಇದ್ದಾರೆ. ಹೌದು, ಬರೆದುಕೊಳ್ಳುತ್ತದೆ, ಚೆನ್ನಾಗಿಯೇ. ಬಸ್ಸಿನಲ್ಲಿ ಕೂತು ಮನೆ ಜಗಳವನ್ನು ಕೀಬೋರ್ಡಿಗೆ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ನಿಮಗಿದ್ದರೆ ಹೇಳಿ, ಪಕ್ಕದ ಸೀಟಿನವರಿಗೂ ಹೊತ್ತು ಹೋಗುತ್ತದೆ.

ನಿಜವಾಗಿ ಸಿಟ್ಟು ಬರುವುದು ಕೇಳುವ ರೀತಿಗೆ. "ಲ್ಯಾಪ್‌ಟಾಪಿಗೆ ಸ್ವಲ್ಪ ಕನ್ನಡ ಹಾಕಿಕೊಡಿ." ಸಾರಿಗೆ ಉಪ್ಪು ಹಾಕುವ ಹಾಗೆ. ಇನ್ನೊಬ್ಬರು "ನುಡಿ ಇದ್ಯಾ ನಿಮ್ಮ ಹತ್ರ?" ಅನ್ನುತ್ತಾರೆ. ಅದು ಒಂದು ಸಾಫ್ಟ್‌ವೇರಿನ ಹೆಸರು. ನಕಲು ತೆಗೆಯೋದಕ್ಕೆಲ್ಲ ಜೆರಾಕ್ಸ್ ಅಂದಂತೆ ಅವರಿಗೆ ಕಂಪ್ಯೂಟರಿನ ಕನ್ನಡವೆಲ್ಲ ನುಡಿ. ಇಂಗ್ಲಿಷ್ ಟೈಪ್ ಮಾಡುವವನನ್ನು ಯಾರೂ ಯಾವ ಆ್ಯಪ್ ಅಂತ ಕೇಳುವುದಿಲ್ಲ, ಅಲ್ವಾ? ಕನ್ನಡವನ್ನು ಮಾತ್ರ ಹೊರಗಿಂದ ತಂದು ಹಾಕಿಸಬೇಕು ಅನ್ನುವ ನಂಬಿಕೆ.

ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು, ಅದನ್ನು ಒಪ್ಪಬೇಕು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಸಾಫ್ಟ್‌ವೇರ್ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವು ಇಲ್ಲದಿದ್ದರೆ ಎಷ್ಟೋ ಜನ ಪರದೆಯ ಮೇಲೆ ಕನ್ನಡ ನೋಡುತ್ತಲೇ ಇರಲಿಲ್ಲ. ಫೋನಿನ ಕಥೆ ಇನ್ನೂ ತಡ. 2012ರಲ್ಲಿ ಆಂಡ್ರಾಯ್ಡ್ 4.1 ಬರುವ ತನಕ ಎಷ್ಟೋ ಫೋನುಗಳಲ್ಲಿ ಕನ್ನಡ ಮೆಸೇಜ್ ಅಂದರೆ ಸಾಲಾಗಿ ಖಾಲಿ ಡಬ್ಬಿಗಳು. ಆ ಡಬ್ಬಿಗಳು ಹೋಗಿ ಹತ್ತು ವರ್ಷದ ಮೇಲಾಯಿತು. ಪ್ರಶ್ನೆ ಮಾತ್ರ ಇನ್ನೂ ಡಬ್ಬಿಯಲ್ಲೇ ಇದೆ.

ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ಈಗ ಟೈಪ್ ಮಾಡಿದ್ದನ್ನು ಹತ್ತು ವರ್ಷ ಬಿಟ್ಟು ತೆಗೆದರೆ ಓದೋಕೆ ಆಗುತ್ತಾ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ, ಆಗ ಪ್ರಶ್ನೆ "ವೈರಸ್ ಬಂದಿದೆ, ನೋಡ್ತೀರಾ?" ಅಂತ ಆಗಿರುತ್ತದೆ.

ನಮ್ಮ ದೊಡ್ಡಪ್ಪ ತಿಪಟೂರು ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ಊರಿನ ಕಥೆ ಬರೆದರು. ಕೆರೆ, ಜಾತ್ರೆ, ಕೊಬ್ಬರಿ ವ್ಯಾಪಾರ, ಯಾರ ಮನೆಗೆ ಯಾಕೆ ಆ ಅಡ್ಡಹೆಸರು ಬಂತು, ಎಲ್ಲ. ಅದನ್ನು ಡಿಟಿಪಿ ಅಂಗಡಿಯಲ್ಲಿ ಪುಟಕ್ಕಿಷ್ಟು ಅಂತ ಕೊಟ್ಟು ಟೈಪ್ ಮಾಡಿಸಿ, ಅಚ್ಚು ಹಾಕಿಸಿ, ಸಿಡಿಯನ್ನು ಬೀರುವಿನಲ್ಲಿ ದೊಡ್ಡಮ್ಮನ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದರು. ಹೋದ ವರ್ಷ ಎರಡನೇ ಮುದ್ರಣಕ್ಕೆ ಮನಸ್ಸಾಗಿ ಫೋನ್ ಮಾಡಿದರು. "ಮಗಾ, ಫೈಲ್‌ಗೆ ವೈರಸ್ ಹೊಡೆದಿದೆ ಕಣೋ. ಕನ್ನಡ ಎಲ್ಲ ಹೋಗಿ ಏನೇನೋ ಬಂದಿದೆ."

ವೈರಸ್ ಏನೂ ಇರಲಿಲ್ಲ. ಫೈಲಿನಲ್ಲಿ ಕನ್ನಡವೂ ಯಾವತ್ತೂ ಇರಲಿಲ್ಲ. ಆಗಿನ ಆಸ್ಕಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಹಳೇ ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಒಳಗೆ ಕೂರುವುದು ಇಷ್ಟು: ಪಿ, ತಲೆ ಮೇಲೆ ಗೀರೆಳೆದ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೊಂದು ಗೀರಿನ ಎ, ಬಿ ಥರ ಕಾಣುವ ಒಂದು ಜರ್ಮನ್ ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಗೀರಿನ ಎ. ಫಾಂಟು ಇದ್ದಷ್ಟು ದಿನ ವೇಷ ಚೆನ್ನಾಗಿರುತ್ತದೆ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಬಣ್ಣ ತೊಳೆದುಕೊಂಡ ಪಾತ್ರಧಾರಿ. ಅವತ್ತು ಬೇರೆ ದಾರಿ ಇರಲಿಲ್ಲ, ಹಾಗಾಗಿ ಮಾಡಿದವರನ್ನು ಬೈಯುವುದಿಲ್ಲ. ಇವತ್ತು ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದ್ದೇ ನಂಬರ್ ಕೊಡುವ ಯೂನಿಕೋಡ್ ಇದ್ದೂ ಆಸ್ಕಿ ಫಾಂಟಿನಲ್ಲೇ ಬರೆಯುವವರನ್ನು ಬೈಯುತ್ತೇನೆ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗ ಎತ್ತಿಟ್ಟಿದೆ. ಅಲ್ಲಿ ಕ ಅಂದರೆ ಎಲ್ಲಿ ಹೋದರೂ ಕ. ಹೊಸ ನುಡಿ, ಹೊಸ ಬರಹ ಎರಡರಲ್ಲೂ ಯೂನಿಕೋಡ್ ಇದೆ, ಆರಿಸಿಕೊಳ್ಳಬೇಕು ಅಷ್ಟೇ. ನಿಮ್ಮ ಫೈಲು ಯಾವ ಜಾತಿಯದು ಅನ್ನುವ ಅನುಮಾನ ಇದ್ದರೆ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಕನ್ನಡ ಕನ್ನಡವಾಗಿಯೇ ಕಂಡರೆ ನೆಮ್ಮದಿಯಾಗಿ ಮಲಗಿ.

ಹಳೇ ಫಾಂಟಿನದನ್ನು ಯೂನಿಕೋಡಿಗೆ ಬದಲಾಯಿಸಿಕೊಡುವ ಕನ್ವರ್ಟರುಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತು ಇದೆಯಲ್ಲ, ಅದು ಪೀಡೆ. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರ ಆದ ಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ ರ್ ಮೊದಲು ಬರಬೇಕು. ಹಾಗಾಗಿ ಕನ್ವರ್ಟರು ಪ್ರತಿಯೊಂದನ್ನೂ ಕಿತ್ತು ಒಂದು ಅಕ್ಷರ ಹಿಂದಕ್ಕೆ ನೆಡಬೇಕು. ದೊಡ್ಡಪ್ಪನ ಪುಸ್ತಕ ಟೈಪ್ ಮಾಡಿದವರು ನೋಡೋಕೆ ಸರಿ ಕಂಡರೆ ಸಾಕು ಅಂತ ಒತ್ತುಗಳನ್ನು ಕೈಗೆ ಬಂದ ಕಡೆ ಅಂಟಿಸಿದ್ದರು. ಪರಿಣಾಮ, ಧರ್ಮ ಹೋಗಿ 'ಧಮರ್' ಆಗಿತ್ತು. ನಮ್ಮ ಪಾರ್ವತಮ್ಮಜ್ಜಿ ಎರಡು ಅಧ್ಯಾಯ ಪೂರ್ತಿ 'ಪಾವರ್ತಮ್ಮ' ಆಗಿದ್ದರು. 142 ಪುಟ. ಎರಡು ರಾತ್ರಿ. ಒಂದೊಂದು ಅರ್ಕಾವತ್ತನ್ನೂ ಅದರ ಮನೆಗೆ ಬಿಟ್ಟು ಬಂದೆ.

ಫೈಲು ಪ್ರೆಸ್ಸಿಗೆ ಕಳಿಸಿದ ಮರುದಿನ ಫೋನು. "ಸರ್, ಇದು ನಮ್ಮಲ್ಲಿ ಬರಲ್ಲ. ಹಳೇ ಫಾಂಟಿಗೆ ಮಾಡಿಕೊಡಿ."

ಅವರು ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ. ಅದರ 7ನೇ ಆವೃತ್ತಿ 2001ರಲ್ಲಿ ಬಂತು, ಎಂಟನೆಯದು ಬರಲೇ ಇಲ್ಲ. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ನಾನು ಫೋನಿನಲ್ಲಿ ಒಂದು ಸಣ್ಣ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ ಸರ್, ಯಾವಾಗ ಕೊಡ್ತೀರ?" ಅಂದರು. ಎಲ್ಲವನ್ನೂ ತಿರುಗಿಸಿ ಹಳೇ ಫಾಂಟಿಗೇ ಹಾಕಿಕೊಟ್ಟೆ. ಮತ್ತೆ ಗೀರಿನ ಎ, ಮತ್ತೆ ಪೌಂಡು.

ದೊಡ್ಡಪ್ಪನಿಗೆ ಎರಡೂ ಫೈಲು ಕೊಟ್ಟು, ಯಾವುದನ್ನು ಪ್ರೆಸ್ಸಿಗೆ ಕೊಡಬೇಕು, ಯಾವುದನ್ನು ಜೋಪಾನ ಮಾಡಬೇಕು ಅಂತ ಕಾಲು ಗಂಟೆ ವಿವರಿಸಿದೆ. ಕನ್ನಡಕ ಏರಿಸಿಕೊಂಡು ಪರದೆ ನೋಡುತ್ತಾ ಕೂತಿದ್ದರು. ಕೊನೆಗೆ ಕೇಳಿದರು, "ಕೆರೆ ಒಡೆದ ವರ್ಷದ್ದು ಇದೆಯಲ್ಲ, ಆ ಅಧ್ಯಾಯ ಹೇಗಿದೆ?"

"ಒತ್ತೆಲ್ಲ ಸರಿಯಾಗಿದೆ ದೊಡ್ಡಪ್ಪ" ಅಂದೆ.

"ಅದನ್ನಲ್ಲ ಕಣೋ ನಾನು ಕೇಳಿದ್ದು."