ಲಾಂಚ್ ಇಲ್ಲದ ಸಿಗಂದೂರು, ಮಂಜಿನೊಳಗಿನ ಜೋಗ: ರಜೆಗೆ ಊರಿಗೆ ಬರುವವರಿಗೆ

ಮೆಲ್ಬರ್ನ್‌ನಿಂದ ಶಿವಮೊಗ್ಗಕ್ಕೆ ಬಂದರೆ ಮೊದಲ ನಾಲ್ಕೈದು ದಿನ ನನಗೆ ಬೆಳಗಿನ ಜಾವ ಎರಡೂವರೆಗೇ ಎಚ್ಚರ. ಆಗಸ್ಟ್‌ನಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಂದರೆ ಅಲ್ಲಿ ಆಗಲೇ ಏಳು ಗಂಟೆ. ಹಾಸಿಗೆಯಲ್ಲಿ ಸುಮ್ನೆ ಹೊರಳಾಡುವ ಬದಲು ಗೆಳೆಯರ ಜೊತೆಗಿನ ತಿರುಗಾಟವನ್ನು ಆ ದಿನಗಳಲ್ಲೇ ಇಟ್ಟುಕೊಳ್ಳಿ. ನಾಲ್ಕೂವರೆಗೆ ಮೂವರಿಗೂ ಫೋನ್ ಮಾಡಿ ಎಬ್ಬಿಸಿದವನು ನಾನೇ. ಬೈಗುಳ ತಿಂದೆ, ಆದರೆ ಐದೂಕಾಲಿಗೆ ಕಾರು ಊರು ಬಿಟ್ಟಿತ್ತು.

ಕಾರು ಮಂಜನದು, ಓಡಿಸಿದ್ದೂ ಅವನೇ. ನನ್ನ ಇಲ್ಲಿನ ಲೈಸೆನ್ಸ್ ಅವಧಿ ಮುಗಿದಿತ್ತು. ಬರೀ ವಿದೇಶದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಓಡಿಸುವ ಹಾಗಿಲ್ಲ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಹೊರಡುವ ಮುಂಚೆ ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ. ಹಣದ್ದೂ ಇದೇ ಕಥೆ. ಎನ್‌ಆರ್‌ಓ ಖಾತೆಗೆ (ವಿದೇಶದಲ್ಲಿರುವವರು ಇಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಆಸ್ಟ್ರೇಲಿಯಾ ನಂಬರಿನಲ್ಲೂ ಯುಪಿಐ ಸಿಗುತ್ತದೆ, ಆದರೆ ನಿಮ್ಮ ಬ್ಯಾಂಕ್ ಕೊಡುತ್ತದಾ ನೋಡಿಕೊಳ್ಳಿ. ನಾನು ನಾಳೆ ಮಾಡಿದರಾಯಿತು ಅಂತ ಬಿಟ್ಟಿದ್ದೆ. ದಿನವಿಡೀ ಸುಬ್ಬು ಎಲ್ಲ ಕಡೆ ಸ್ಕ್ಯಾನ್ ಮಾಡುತ್ತಾ, "ಡಾಲರ್ ಪಾರ್ಟಿ ನೋಡ್ರೋ" ಅಂತ ಮಾನ ಕಳೆದ. ಶರಾವತಿ ಹಿನ್ನೀರಿನ ಕಡೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಹಾಗಾಗಿ ಸ್ವಲ್ಪ ನೋಟೂ ಇರಲಿ.

ಆಯನೂರು, ಆನಂದಪುರ ದಾಟಿ ಸಾಗರಕ್ಕೆ ಸುಮಾರು 70 ಕಿ.ಮೀ. ಬೆಂಗಳೂರಿನಿಂದ ಬರುವವರು ತಾಳಗುಪ್ಪದ ರಾತ್ರಿ ರೈಲು ಹತ್ತಿ ಸಾಗರದಲ್ಲೇ ಇಳಿದರೆ ಇಷ್ಟು ದಾರಿ ಉಳಿಯುತ್ತದೆ. ಅಲ್ಲಿ ತಿಂಡಿ ಮುಗಿಸಿ ಮೊದಲು ಇಕ್ಕೇರಿಗೆ ಹೋದೆವು. ಆರೇಳು ಕಿ.ಮೀ. ಅಷ್ಟೇ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಊರು. ಅಘೋರೇಶ್ವರ ದೇವಸ್ಥಾನದ ನೆಲದ ಮೇಲೆ, ಗರ್ಭಗುಡಿಯ ಎದುರಿಗೆ, ದೇವರಿಗೆ ಅಡ್ಡಬಿದ್ದ ನಾಯಕರ ಆಕೃತಿ ಕೆತ್ತಿದ್ದಾರೆ. ಮೇಲೆ ನೋಡುತ್ತಾ ನಡೆದರೆ ಕಾಣುವುದೇ ಇಲ್ಲ. ಶಾಲೆಯಿಂದ ಎರಡು ಸಲ ಬಂದಿದ್ದೆವು, ನಾಲ್ವರಲ್ಲಿ ಒಬ್ಬನೂ ನೋಡಿರಲಿಲ್ಲ.

ಅಲ್ಲಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲು, ಸಿಗಂದೂರಿಗೆ ಹಿನ್ನೀರು ದಾಟಿಸುವ ಲಾಂಚ್ ಹೊರಡುತ್ತಿದ್ದ ದಡ. ನಿಜ ಹೇಳಬೇಕೆಂದರೆ ನಾನು ಹೊರಟಿದ್ದೇ ಇದಕ್ಕೆ.

ಆಸ್ಟ್ರೇಲಿಯಾಕ್ಕೆ ಹೋಗುವ ಹಿಂದಿನ ತಿಂಗಳು ನಾವು ನಾಲ್ಕೂ ಜನ ಇಲ್ಲಿ ಲಾಂಚಿಗೆ ಕಾದಿದ್ದೆವು. ಭಾನುವಾರ, ಉದ್ದದ ಕ್ಯೂ. ಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತಾ ಎರಡು ಗಂಟೆ ಕೂತಿದ್ದೆವು. ಆಮೇಲೆ ಬಸ್ಸು, ಜೀಪು, ಜನ ಎಲ್ಲ ಒಂದೇ ಲಾಂಚಿನ ಮೇಲೆ. ಈಗ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿ.ಮೀ. ಉದ್ದದ ಸೇತುವೆ. 2018ರಲ್ಲಿ ಶಂಕುಸ್ಥಾಪನೆ ಆಗಿ, 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಕಂಬದಿಂದ ಎರಡೂ ಕಡೆ ಇಳಿಬಿಟ್ಟ ಹಳದಿ ಕೇಬಲ್ಲು, ಕೆಳಗೆ ತುಂಬಿದ ಹಿನ್ನೀರು. ನೋಡಲು ಚೆಂದವೇ. ಆದರೆ ಮಾತು ಶುರು ಮಾಡುವಷ್ಟರಲ್ಲಿ ಆಚೆ ದಡ ಬಂದಿತ್ತು.

"ಲಾಂಚೇ ಚೆನ್ನಾಗಿತ್ತು ಅಲ್ವಾ?" ಅಂದುಬಿಟ್ಟೆ.

ಮಂಜನ ಅತ್ತೆ ಮನೆ ಆಚೆ ದಡದ ತುಮರಿ ಹತ್ತಿರ. "ಎಂತ ಚೆಂದ ಮಾರಾಯ? ನೀನು ವರ್ಷಕ್ಕೊಂದು ಸಲ ಬಂದು ಹೋಗೋನು. ರಾತ್ರಿ ಹೊತ್ತು ಹೆಂಡ್ತಿಗೆ ಹೊಟ್ಟೆನೋವು ಬಂದಿದ್ರೆ ಗೊತ್ತಾಗ್ತಿತ್ತು" ಅಂದ. ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಅದರ ಓಡಾಟವೇ ಕಷ್ಟ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದ ಮೇಲೆ ಆ ಕಡೆಯವರು ಸೇತುವೆಗೆ ಅರವತ್ತು ವರ್ಷ ಕಾದಿದ್ದರು. ನಾನು ಎರಡು ಗಂಟೆ ಕಾದಿದ್ದನ್ನು ನೆನಪು ಮಾಡಿಕೊಂಡು ಕೂತಿದ್ದೆ. ಬಾಯಿ ಮುಚ್ಚಿಕೊಂಡೆ.

ಸೇತುವೆ ಮೇಲೆ ಫೋಟೋಗೆ ಅಂತ ಕಾರು ನಿಲ್ಲಿಸಬೇಡಿ. ಬಸ್ಸುಗಳು ಜೋರಾಗಿ ಬರುತ್ತವೆ. ದಾಟಿದ ಮೇಲೆ ಬದಿಗೆ ಹಾಕಿ ನೀರಿನ ಕಡೆ ನಡೆದು ಹೋಗಿ. ನಾವು ಅಲ್ಲಿ ಒಂದು ಗಂಟೆ ಏನೂ ಮಾಡದೆ ಕೂತೆವು. ಮಳೆಗಾಲದಲ್ಲಿ ಹುಲ್ಲಿಗೆ ಕಾಲಿಟ್ಟರೆ ಉಂಬಳ (ಜಿಗಣೆ) ಗ್ಯಾರಂಟಿ. ಉಪ್ಪು ಬಟ್ಟೆಯಲ್ಲಿ ಕಟ್ಟಿ ಜೇಬಲ್ಲಿಟ್ಟುಕೊಳ್ಳಿ, ಹತ್ತಿದ್ದನ್ನು ಕಿತ್ತು ಎಳೆಯಬೇಡಿ. ನನ್ನ ದುಬಾರಿ ಹೈಕಿಂಗ್ ಶೂ ಒಳಗೆ ಎರಡು ಸಿಕ್ಕವು. ಹವಾಯಿ ಚಪ್ಪಲಿಯ ಪ್ರದೀಪನಿಗೆ ಒಂದೂ ಇಲ್ಲ! ಚಪ್ಪಲಿಯಲ್ಲಿ ಹತ್ತುವಾಗಲೇ ಕಾಣುತ್ತದಂತೆ.

ಸಿಗಂದೂರಿನಲ್ಲಿ ಚೌಡೇಶ್ವರಿ ದರ್ಶನ ಮಾಡಿ ಮಧ್ಯಾಹ್ನ ದೇವಸ್ಥಾನದಲ್ಲೇ ಊಟ ಮಾಡಿದೆವು. ಸೇತುವೆ ಆದ ಮೇಲೆ ಜನ ಜಾಸ್ತಿ, ಭಾನುವಾರ ತಪ್ಪಿಸಿದರೆ ಒಳ್ಳೆಯದು.

ಜೋಗಕ್ಕೆ ಅದೇ ದಾರಿಯಲ್ಲಿ ಸಾಗರಕ್ಕೆ ವಾಪಸ್ ಬಂದು, ತಾಳಗುಪ್ಪದ ಮೇಲೆ ಹೋದೆವು. ಸಾಗರದಿಂದ 30 ಕಿ.ಮೀ. ಕೆಳದಿ, ಹೆಗ್ಗೋಡು ಎರಡೂ ಪಟ್ಟಿಯಲ್ಲಿದ್ದವು. ಎರಡನ್ನೂ ಕೈಬಿಟ್ಟೆವು. ಜೋಗಕ್ಕೆ ಕನಿಷ್ಠ ಎರಡು ಗಂಟೆ ಬೇಕೇ ಬೇಕು. ಕಾರಣ, ಮಂಜು. ನಾವು ಹೋದಾಗ ಎದುರಿಗೆ ಬಿಳಿ ಪರದೆ, ಬರೀ ಸದ್ದು. ನಮ್ಮ ಪಕ್ಕದಲ್ಲಿದ್ದ ಒಂದು ಕುಟುಂಬ ಹತ್ತು ನಿಮಿಷ ನಿಂತು, "ಏನೂ ಇಲ್ಲ" ಅಂತ ಹೊರಟೇಹೋಯಿತು. ನಾವು ಸುಟ್ಟ ಜೋಳ ತಿನ್ನುತ್ತಾ ನಿಂತೆವು. ಐವತ್ತು ನಿಮಿಷ ಆಗಿರಬೇಕು, ಮೊದಲು ರಾಜ ಕಂಡ, ಆಮೇಲೆ ರಾಣಿ, ರೋರರ್, ರಾಕೆಟ್. 253 ಮೀಟರು ಮೇಲಿಂದ ಕೆಳಗಿನವರೆಗೂ ತೆರೆದುಕೊಂಡಿತು. ಮೂರೋ ನಾಲ್ಕೋ ನಿಮಿಷ, ಮತ್ತೆ ಮುಚ್ಚಿತು. ಡಿಸೆಂಬರ್ ರಜೆಗೆ ಬರುವವರು ಈ ನೀರು ನಿರೀಕ್ಷೆ ಮಾಡಬೇಡಿ. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತು ಕರೆಂಟಿಗೆ ಹೋಗುತ್ತದೆ, ಬಂಡೆ ಮೇಲೆ ಎಳೆ ಎಳೆ ಇಳಿಯುತ್ತಿರುತ್ತದೆ ಅಷ್ಟೇ. ಜುಲೈನಿಂದ ಸೆಪ್ಟೆಂಬರ್ ಸರಿಯಾದ ಕಾಲ.

ಬರುವಾಗ ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಸಿಕೊಂಡೆ. ಆಸ್ಟ್ರೇಲಿಯಾಕ್ಕೆ ಒಯ್ಯುವವರು ಸೀಲ್ ಆದ ಪ್ಯಾಕೆಟ್ಟೇ ತೆಗೆದುಕೊಳ್ಳಿ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿಂಡಿ ಇದೆ ಅಂತ ತಪ್ಪದೆ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜೋರಿದೆ.

ಇನ್ನೊಂದು ಮಾತು. ಪರ್ಮಿಟ್ ಇದ್ದರೂ ವಾಪಸ್ ಬರುವಾಗ ಸ್ಟೇರಿಂಗ್ ಮುಟ್ಟಬೇಡಿ. ಸಂಜೆ ಏಳಕ್ಕೆ ಮೆಲ್ಬರ್ನ್‌ನಲ್ಲಿ ರಾತ್ರಿ ಹನ್ನೊಂದೂವರೆ. ಆನಂದಪುರದಲ್ಲಿ ಚಹಾ ಕುಡಿದಿದ್ದು ನೆನಪಿದೆ. ಆಯನೂರು ಯಾವಾಗ ಬಂತೋ ಗೊತ್ತಿಲ್ಲ. ಬಾಯಿ ತೆರೆದು ಮಲಗಿದ್ದ ನನ್ನ ಫೋಟೋ ಈಗ ನಮ್ಮ ಗ್ರೂಪಿನ ಡಿಪಿ.