ಮುಳುಗಿದ ಹಡಗನ್ನು ಮುಟ್ಟಬೇಡಿ

ನಾನು ಕುಂಬಳೆಯವನು. ಡೈವಿಂಗ್ ಕಲಿತದ್ದು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ಮುಳುಗಿದ ಹಡಗನ್ನು ಮೊದಲು ನೋಡಿದ್ದು ಗೋವಾದ ಗ್ರಾಂಡ್ ದ್ವೀಪದ ಬಳಿ.

ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿ ಇದ್ದುದರ ಎರಡರಷ್ಟಾಗುತ್ತದೆ. ಕೆಂಪು ಬಣ್ಣ ಮಾಯ, ಎಲ್ಲ ಹಸಿರು ಬೂದು. ಟಾರ್ಚ್ ಹಾಕಿದಾಗ ಮಾತ್ರ ತುಕ್ಕಿನ ನಿಜವಾದ ಬಣ್ಣ ಕಾಣುತ್ತದೆ. ಕಬ್ಬಿಣದ ಹಲಗೆಗಳ ಸಂದಿಯಲ್ಲಿ ಮೀನುಗಳ ಸಂಸಾರ! ಅಷ್ಟು ಹೊತ್ತು ನನಗೆ ಬೇರೇನೂ ನೆನಪಿರಲಿಲ್ಲ.

ಗೋವಾದ ಸುಂಚಿ ಬಂಡೆಯ ಕಥೆ ಇನ್ನೂ ದೊಡ್ಡದು. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಅಲ್ಲಿ 17ನೇ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷ ಹುಡುಕಿದರು. ಫಿರಂಗಿಗಳು, ಆನೆದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಚೂರು ಸಿಕ್ಕವು. ಆಫ್ರಿಕಾ, ಚೀನಾ ಎರಡೂ ಒಂದೇ ಬಂಡೆಯ ಬುಡದಲ್ಲಿ, ಅಲ್ವಾ?

ನೆನಪಿಗೆ ಅಂತ ಒಂದು ಚೂರು ಎತ್ತಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಳೇ ಕಬ್ಬಿಣದೊಳಗೆ ಉಪ್ಪು ಸೇರಿಕೊಂಡಿರುತ್ತದೆ. ಸುಮ್ನೆ ಹೊರಗೆ ತಂದು ಒಣಗಿಸಿದರೆ ಅದು ಬಿರಿದು ಪದರ ಪದರವಾಗಿ ಉದುರುತ್ತದೆ. ಉಳಿಸಬೇಕಾದರೆ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕ್ಷಾರ ಬೆರೆಸಿದ ನೀರಿನಲ್ಲಿಟ್ಟು ಉಪ್ಪು ತೆಗೆಯಬೇಕು. ಅದಕ್ಕಿಂತ ಜಾಸ್ತಿ ನಷ್ಟ ಬೇರೆ ಇದೆ. ವಸ್ತು ಎಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನುವುದರಿಂದಲೇ ಹಡಗು ಹೇಗೆ ಒಡೆಯಿತು ಎಂದು ತಿಳಿಯುವುದು. ಚೂರು ಕದಲಿದರೆ ಆ ಸುಳಿವೂ ಹೋಯಿತು.

ನಮ್ಮ ಕಾಸರಗೋಡಿನ ಹುಡುಗರು ಈಗ ಡೈವಿಂಗ್ ಕಲಿಯುತ್ತಿದ್ದಾರೆ. ಅವರಿಗೆ ಹೇಳುವುದು ಇಷ್ಟೇ: ಕ್ಯಾಮೆರಾ ಒಯ್ಯಿರಿ, ಚೀಲ ಬೇಡ.